ಊಟವಾದ ಮೇಲೆ ಐವತ್ತನಾಲ್ಕು

ಸ್ವಲ್ಪ ತಾಳಿ. ನಿಮ್ಮ ಮನೆಯಲ್ಲೂ ಯಾರದ್ದಾದರೂ ತೋಳಿಗೆ ಹೊಸದಾಗಿ ಶುಗರ್ ಸೆನ್ಸರ್ ಅಂಟಿಸಿದ್ದರೆ, ದಿನಕ್ಕೆ ನೂರು ಸಲ ಮೊಬೈಲ್ ತೆಗೆದು ಆ ಅಂಕಿ ನೋಡುವವರು ನೀವೂ ಆಗಿದ್ದರೆ, ಇದೊಂದನ್ನು ಪೂರ್ತಿ ಓದಿಕೊಂಡು ಹೋಗಿ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಜಯನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಶುಗರ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ನಾನೇ ಓದಿ, ವಿಡಿಯೋ ನೋಡಿ, ತಪ್ಪು ಮಾಡಿ ಕಲಿತದ್ದು. ಈಗ ಹೇಳಹೊರಟಿರುವುದು ತಪ್ಪು ಮಾಡಿದ ಭಾಗ.

ಹನುಮಂತನಗರದಲ್ಲಿ ಅಪ್ಪನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಒಪ್ಪುವ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು, ದಾರ, ಇಷ್ಟೇ ಅಲ್ಲಿ ಸಿಗುವುದು. ಮನೆ ಅದೇ ರಸ್ತೆಯ ತುದಿಯಲ್ಲಿ. ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತಿದರೆ ಒಂದೂವರೆಗೆ ಇಳಿಸಿ ಮನೆಗೆ ಬರುತ್ತಾರೆ. ಊಟ ಮಾಡುತ್ತಾರೆ, ಒಂದು ಗಂಟೆ ಅಡ್ಡಾಗುತ್ತಾರೆ, ನಾಲ್ಕಕ್ಕೆ ಮತ್ತೆ ಅಂಗಡಿ.

ಅವರಿಗೆ ಶುಗರ್ ಇದೆ ಎಂಬ ಅನುಮಾನ ಮೊದಲು ಹುಟ್ಟಿದ್ದು ನಾನು ಕೆಲಸ ಮಾಡುವ ಅಂಗಡಿಯಲ್ಲೇ. ದೂರದ ಬಸ್ ನಂಬರ್ ಮಂಜಾಗಿ ಕಾಣುತ್ತಿದೆ ಎಂದು ಬಂದಿದ್ದರು. ಪವರ್ ನೋಡಿ ಬರೆದಿಟ್ಟೆ. ಗ್ಲಾಸ್ ಆರ್ಡರ್ ಮಾಡುವ ಮುಂಚೆ, ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡಿದರೆ ಪವರ್ ಬೇರೆಯೇ ಆಗಿತ್ತು. ನನ್ನದೇ ಕೈತಪ್ಪು ಅಂದುಕೊಂಡೆ. ನಮ್ಮ ಅಂಗಡಿಯ ಸಾರ್ ಮಾತ್ರ ಅಪ್ಪನ ಸಡಿಲವಾದ ಬೆಲ್ಟನ್ನೂ, ಪಕ್ಕದಲ್ಲೇ ಇಟ್ಟುಕೊಂಡಿದ್ದ ಎರಡು ಲೀಟರಿನ ನೀರಿನ ಬಾಟಲಿಯನ್ನೂ ನೋಡಿ, ಶುಗರ್ ಏರಿಳಿದರೆ ಕಣ್ಣಿನ ಪವರೂ ಬದಲಾಗುತ್ತದೆ, ಗ್ಲಾಸ್ ಆಮೇಲೆ ಹಾಕೋಣ, ಮೊದಲು ಶುಗರ್ ಟೆಸ್ಟ್ ಮಾಡಿಸಿಕೊಂಡು ಬನ್ನಿ ಎಂದರು. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಮುನ್ನೂರ ಹದಿನೆಂಟು ಬಂತು.

ನಾವು ತೋರಿಸಿಕೊಂಡ ಡಾಕ್ಟರಮ್ಮ ಸಮಾಧಾನದವರು. ಇಷ್ಟು ಜಾಸ್ತಿ ಇರುವಾಗ ಮಾತ್ರೆ ಒಂದೇ ಸಾಲುವುದಿಲ್ಲ, ಸದ್ಯಕ್ಕೆ ಮೂರು ಹೊತ್ತೂ ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಿ, ಒಂದು ತಿಂಗಳು ನೋಡೋಣ, ಹತೋಟಿಗೆ ಬಂದರೆ ಸೂಜಿ ಬಿಡಿಸಿ ಮಾತ್ರೆಗೆ ತರಬಹುದು ಎಂದರು. ಅಪ್ಪ ಆ ಕೊನೆಯ ಮಾತೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಮನೆಗೆ ಬಂದವರೇ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಎಣಿಸಿ, ಆ ದಿನಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದರು. ಅಷ್ಟರೊಳಗೆ ಶುಗರ್ ಇಳಿಯಬೇಕು, ಸೂಜಿ ಬಿಡಬೇಕು. ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಹೊಟ್ಟೆಗೆ ಚುಚ್ಚಿಕೊಳ್ಳುವುದು ಎರಡೇ ದಿನಕ್ಕೆ ರೂಢಿಯಾಯಿತು. ಅವರಿಗೆ ತಡೆಯಲಾಗದೆ ಹೋದದ್ದು ಬೆರಳು ಚುಚ್ಚಿ ಮೀಟರಿನಲ್ಲಿ ನೋಡುವುದು. ಅಪ್ಪನ ಕೆಲಸವೆಲ್ಲ ಬೆರಳ ತುದಿಯಲ್ಲಿ. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಸಲ ಉಜ್ಜಿದರೆ ಸಾಕು, ಇದು ಒಗೆದರೆ ಕುಗ್ಗುತ್ತದೆ, ಇದು ಕುಗ್ಗುವುದಿಲ್ಲ ಎಂದು ಹೇಳಿಬಿಡುತ್ತಾರೆ. ಒಂದು ದಿನ ಚುಚ್ಚಿದ ಬೆರಳಿನಿಂದ ಬಿಳಿ ಲೈನಿಂಗಿನ ಮೇಲೆ ಸಾಸಿವೆ ಕಾಳಿನಷ್ಟು ರಕ್ತ ಹತ್ತಿತು. ತೆಗೆದುಕೊಳ್ಳಲು ಬಂದವರು ಏನೂ ಅನ್ನದೆ ಬೇರೆ ಪೀಸ್ ಕೇಳಿದರಂತೆ. ಅವರು ಏನೂ ಅನ್ನದೆ ಇದ್ದದ್ದೇ ಅಪ್ಪನಿಗೆ ಚುಚ್ಚಿತು. ಅವತ್ತು ಸಂಜೆ ಮೀಟರನ್ನು ಡಬ್ಬಿಗೆ ಹಾಕಿ ಬೀರುವಿನ ಮೇಲೆ ಇಟ್ಟುಬಿಟ್ಟರು.

ನನಗೋ ಅದೇ ಬೇಕಾಗಿತ್ತು. ಇನ್ಸುಲಿನ್ ಶುರುವಾದ ಆ ಹದಿನೈದು ದಿನಗಳಲ್ಲಿ ನಾನು, ಬೆರಳು ಚುಚ್ಚದೆ ತೋಳಿನಿಂದಲೇ ಶುಗರ್ ತೋರಿಸುವ ಸೆನ್ಸರುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಮುಗಿಸಿದ್ದೆ. ಬಸ್ಸಿನಲ್ಲಿ ಓದಿದೆ, ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು ಓದಿದೆ. ಡಾಕ್ಟರಮ್ಮನಿಗೆ ಫೋನ್ ಮಾಡಿ ಹಾಕಿಸಲೇ ಎಂದು ಕೇಳಿದರೆ, ಹಾಕಿಸಿ, ಆದರೆ ಮೀಟರ್ ಎಸೆಯಬೇಡಿ ಎಂದರು. ಮೊದಲನೆಯದನ್ನು ಕೇಳಿಸಿಕೊಂಡೆ. ಒಂದು ಮಂಗಳವಾರ ಸಂಜೆ, ನನ್ನ ರಜೆಯ ದಿನ, ಅಪ್ಪನನ್ನು ಕೂರಿಸಿಕೊಂಡು ಸೆನ್ಸರ್ ಹಾಕಿದೆ. ಬಲಗೈಯಲ್ಲಿ ಕತ್ತರಿ ಹಿಡಿಯುತ್ತಾರೆ, ಅಲ್ಲಿ ಬೇಡ ಎಂದು ಎಡತೋಳಿನ ಹಿಂಭಾಗ ಆರಿಸಿದವಳು ನಾನೇ. ನೋಡಲು ಕೋಟಿನ ದೊಡ್ಡ ಗುಂಡಿಯ ಹಾಗಿತ್ತು. ಅಂಕಿ ಅಪ್ಪನ ಮೊಬೈಲಿಗೂ ಬರುತ್ತದೆ, ಜಯನಗರದಲ್ಲಿರುವ ನನ್ನ ಮೊಬೈಲಿಗೂ ಬರುತ್ತದೆ. ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ಎರಡೂ ಕೂಗಿಕೊಳ್ಳುತ್ತವೆ.

"ಇನ್ಮೇಲೆ ಬೆರಳು ಚುಚ್ಚೋದು ಅನ್ನೋದೇ ಇಲ್ಲಪ್ಪಾ," ಅಂದೆ.

"ಆಣೆ ಮಾಡು," ಅಂದರು. ತಮಾಷೆಗೇ ಅಂದದ್ದು. ನಾನು ಅವರ ತಲೆ ಮುಟ್ಟಿ ಆಣೆ ಮಾಡಿದೆ.

ಮೊದಲ ದಿನ, ಅಂದರೆ ಬುಧವಾರ, ಅಂಕಿ ಆಗಾಗ ಕೆಳಗೆ ಬಿತ್ತು. ಹೊಸ ಸೆನ್ಸರ್ ಮೊದಲ ದಿನ ಚರ್ಮಕ್ಕೆ ಹೊಂದಿಕೊಳ್ಳುವವರೆಗೆ ಕಡಿಮೆ ತೋರಿಸಬಹುದು ಎಂದು ಓದಿದ್ದೆನಲ್ಲ, ಇವತ್ತಿನದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ದೊಡ್ಡ ತಿಳಿದವಳ ಹಾಗೆ ಹೇಳಿದೆ. ನಾಳೆಯಿಂದ ಬರುವುದೆಲ್ಲ ನಿಜವಾ ಎಂದು ಅಪ್ಪ ಕೇಳಿದರು. ಎಲ್ಲವೂ ನಿಜ ಎಂದೆ.

ಗುರುವಾರ ಮಧ್ಯಾಹ್ನ ಎರಡೂ ಮುಕ್ಕಾಲು. ಒಬ್ಬರು ಆಂಟಿಯನ್ನು ಕುರ್ಚಿಯಲ್ಲಿ ಕೂರಿಸಿ ಪವರ್ ನೋಡುತ್ತಿದ್ದೆ. ಜೇಬಿನಲ್ಲಿ ಮೊಬೈಲ್ ಕೂಗಿತು. ಐವತ್ತೆಂಟು, ಕೆಳಮುಖದ ಬಾಣ. ಲೆನ್ಸು ಕೈಯಲ್ಲೇ ಇತ್ತು, ಹಾಗೇ ಬಾಗಿಲ ಹೊರಗೆ ಓಡಿ ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಿದಳು.

"ಅಮ್ಮಾ, ಅಪ್ಪಂಗೆ ಐವತ್ತೆಂಟಕ್ಕೆ ಬಂದಿದೆ. ಎಬ್ಬಿಸಿ ಸಕ್ಕರೆ ನೀರು ಕೊಡು."

"ಮೊಬೈಲ್ ಕೂಗಿದ್ರೂ ಎಚ್ರ ಇಲ್ದೆ ಗೊರಕೆ ಹೊಡೀತಾ ಇದಾರಲ್ಲೇ."

"ಅದು ನಿದ್ದೆ ಗೊರಕೆ ಅಲ್ದೇನೂ ಇರ್ಬೋದು, ಪ್ರಜ್ಞೆ ತಪ್ತಿರ್ಬೋದು. ಎಬ್ಬಿಸಮ್ಮ."

ಅಮ್ಮ ಎಬ್ಬಿಸಿದಳು. ಲೋಟದ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದಳು. ಇಪ್ಪತ್ತು ನಿಮಿಷ ನಾನು ಕುಳಿತಲ್ಲಿ ಕೂರಲಿಲ್ಲ. ಆಂಟಿ, ಮೊದಲನೇದೂ ಎರಡನೇದೂ ಒಂದೇ ಥರ ಕಾಣ್ತಿದೆಯಮ್ಮ ಎಂದು ಹೇಳುತ್ತಲೇ ಇದ್ದರು. ನೋಡಿದರೆ ನಾನು ಎರಡು ಸಲವೂ ಅದೇ ಲೆನ್ಸ್ ಹಾಕಿದ್ದೆ. ಅಷ್ಟರಲ್ಲಿ ಅಂಕಿ ಏರತೊಡಗಿತು. ಎಂಬತ್ತು, ನೂರ ಇಪ್ಪತ್ತು, ನೂರ ತೊಂಬತ್ತು. ಒಂದು ಜೀವ ಉಳಿಸಿದೆ ಎಂಬಷ್ಟು ಹಗುರವಾಯಿತು ನನಗೆ.

ಶುಕ್ರವಾರವೂ ಅದೇ ಹೊತ್ತಿಗೆ ಕೂಗಿತು. ಮತ್ತೆ ಫೋನು, ಮತ್ತೆ ಲೋಟ, ಮತ್ತೆ ಇಪ್ಪತ್ತು ನಿಮಿಷಕ್ಕೆ ಸರಿ. ಅಪ್ಪನಿಗೆ ನಿದ್ದೆ ಕೆಟ್ಟ ಸಿಡುಕು. ಬೆವರಿಲ್ಲ, ನಡುಕವಿಲ್ಲ, ಹಸಿವೂ ಇಲ್ಲ, ಈಗ ತಾನೇ ಮುದ್ದೆ ತಿಂದು ಮಲಗಿದವನಿಗೆ ಶುಗರ್ ಯಾಕೆ ಇಳಿಯುತ್ತದೆ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಸಂಜೆ ಪೂರ್ತಿ ಓದಿದೆ. ಕೆಲವರಿಗೆ ಶುಗರ್ ಇಳಿದರೂ ಗೊತ್ತೇ ಆಗುವುದಿಲ್ಲವಂತೆ, ಮೈ ಸುಳಿವೇ ಕೊಡುವುದಿಲ್ಲವಂತೆ. ಅದು ಹೆಚ್ಚಾಗಿ ಬಹಳ ವರ್ಷದಿಂದ ಶುಗರ್ ಇರುವವರಲ್ಲಿ ಕಾಣುವಂಥದ್ದು ಎಂದು ಅದೇ ಪುಟದ ಕೆಳಗೆ ಬರೆದಿತ್ತು. ನಾನು ಆ ಸಾಲು ದಾಟಿಕೊಂಡು ಹೋದೆ. ಅಪ್ಪ ಏನೂ ಆಗಿಲ್ಲ ಅಂದಷ್ಟೂ ನನಗೆ ಅದು ಕಾಯಿಲೆಯ ಗುರುತಾಗಿ ಕಾಣತೊಡಗಿತು.

ಶನಿವಾರದಿಂದ ನಮ್ಮ ಮನೆಯ ಮಧ್ಯಾಹ್ನವೇ ಬೇರೆಯಾಯಿತು. ಎರಡು ಗಂಟೆ ಆಗುತ್ತಿದ್ದಂತೆ ಅಮ್ಮ ಸಕ್ಕರೆ ನೀರು ಮೊದಲೇ ಕಲಸಿ ಮುಚ್ಚಿಡುತ್ತಿದ್ದಳು. ನಾನು ಕನ್ನಡಕದ ಅಂಗಡಿಯಲ್ಲಿ ಕೂತು, ನಿಂತು, ಹೊರಗೆ ಹೋಗಿ, ಒಳಗೆ ಬಂದು, ಮೊಬೈಲಿನ ಗಾಜು ಒರೆಸಿ ಒರೆಸಿ ನೋಡುತ್ತಿದ್ದೆ. ಸಾರ್ ಎರಡು ಸಲ ಕರೆದು ವಿಚಾರಿಸಿದರು. ಅಪ್ಪನೂ ಬದಲಾದರು. ಅಲಾರಂ ಕೂಗಿದಾಗ ಈಗೀಗ ಕೈ ನಡುಗಿದ ಹಾಗಾಗುತ್ತದೆ ಎಂದು ಅಮ್ಮನ ಹತ್ತಿರ ಹೇಳಿದರಂತೆ. ಅಂಗಡಿಯಲ್ಲಿ ಒಬ್ಬನೇ ಇರುವಾಗ ಬಿದ್ದುಬಿಟ್ಟರೆ, ಅದೂ ಹೆಣ್ಣುಮಕ್ಕಳೇ ತುಂಬಿರುವ ಅಂಗಡಿಯಲ್ಲಿ, ಎಂಬ ಹೆದರಿಕೆ. ಸಂಜೆ ಅಂಗಡಿ ತೆಗೆಯುವುದೇ ಬೇಡವೇನೋ ಎಂಬ ಮಾತು ಬಂತು. ಅಂಗಡಿ ಇಟ್ಟ ಇಪ್ಪತ್ತಾರು ವರ್ಷದಲ್ಲಿ ಆ ಮಾತು ಅವರ ಬಾಯಲ್ಲಿ ನಾವು ಕೇಳಿರಲಿಲ್ಲ.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ಊಟವಾದ ಮೇಲೆ ಶುಗರ್ ಬೀಳುತ್ತಿದೆ ಎಂದರೆ ಮಧ್ಯಾಹ್ನದ ಇನ್ಸುಲಿನ್ ಜಾಸ್ತಿಯಾಗಿದೆ ಎಂದೇ ಅರ್ಥ, ನನ್ನ ಓದು ಅಷ್ಟು ಹೇಳುತ್ತಿತ್ತು. ಎಂಟು ಯೂನಿಟ್ ಇದ್ದದ್ದನ್ನು ನಾಲ್ಕು ಮಾಡಿ ಎಂದು ಶನಿವಾರ ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಡಾಕ್ಟರಮ್ಮನನ್ನು ಕೇಳಿದೆಯಾ ಎಂದರು. ಅವರೂ ಇದನ್ನೇ ಹೇಳುತ್ತಾರೆ ಎಂದೆ. ಅದು ಸುಳ್ಳಲ್ಲ, ಆದರೆ ಕೇಳಿರಲೂ ಇಲ್ಲ. ಅಪ್ಪ ಮರುಮಾತಾಡದೆ ನಾಲ್ಕು ತೆಗೆದುಕೊಂಡರು. ಅವತ್ತೂ ಅಲಾರಂ ಕೂಗಿತು. ಭಾನುವಾರವೂ ನಾಲ್ಕೇ, ಆಗಲೂ ಕೂಗಿತು. ಸಂಜೆಗಳಲ್ಲಿ ಅಂಕಿ ಮುನ್ನೂರರ ಹತ್ತಿರ ಓಡಾಡುತ್ತಿತ್ತು. ಅದು ಸಕ್ಕರೆ ನೀರಿನದು, ಇಳಿಯುತ್ತದೆ ಬಿಡಿ ಎಂದು ನಾನೇ ಸಮಾಧಾನ ಹೇಳಿದೆ.

ಭಾನುವಾರ ಲೋಟ ಕೆಳಗಿಟ್ಟು ಅಪ್ಪ ಒಂದು ಮಾತಂದರಂತೆ, ಅಮ್ಮ ಆಮೇಲೆ ನಗುತ್ತಾ ಹೇಳಿದಳು. "ಇದೇನೇ, ಮಲಗಿದ್ರೆ ಸಾಯ್ತೀನಿ, ಎದ್ದು ಕೂತ್ರೆ ಬದುಕ್ತೀನಿ ಅನ್ನೋ ಹಾಗಾಯ್ತಲ್ಲ ನನ್ನ ಕಥೆ."

ಅವರು ಸರಿಯಾಗಿಯೇ ಹೇಳಿದ್ದರು. ನನ್ನ ತಲೆಗೆ ಹೋಗಲಿಲ್ಲ.

ಸೋಮವಾರ ಮಧ್ಯಾಹ್ನದ ಇನ್ಸುಲಿನ್ ಪೂರ್ತಿ ಬಿಟ್ಟುಬಿಡಿ, ಒಂದು ದಿನ ನೋಡೋಣ ಎಂದೆ. ಬಿಟ್ಟರು. ಅನ್ನ, ಹುಳಿ, ಒಂದು ಮುದ್ದೆ ತಿಂದು ಮಲಗಿದರು. ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿಟ್ಟುಕೊಂಡು ಮೊಬೈಲ್ ನೋಡುತ್ತಾ ಕೂತಿದ್ದೆ. ಇವತ್ತು ಬೀಳಲು ಕಾರಣವೇ ಇಲ್ಲ. ಊಟ ಒಳಗೆ ಹೋಗಿದೆ, ಇಳಿಸುವ ಔಷಧಿ ಹೋಗಿಲ್ಲ. ಎರಡೂವರೆಗೆ ಇನ್ನೂರ ಹತ್ತು ಇತ್ತು. ಎರಡೂ ನಲವತ್ತಕ್ಕೆ ನೂರ ಮೂವತ್ತು. ಎರಡೂ ಐವತ್ತಕ್ಕೆ ಐವತ್ತನಾಲ್ಕು.

ಅಮ್ಮನಿಗೆ ಫೋನ್ ಮಾಡಿದೆ, ಅಮ್ಮ ಕುಡಿಸಿದಳು, ಅಂಕಿ ಏರಿತು. ಆದರೆ ಅವತ್ತು ನನಗೆ ಹಗುರವಾಗಲಿಲ್ಲ. ಊಟದ ಡಬ್ಬಿ ಹಾಗೇ ಮುಚ್ಚಿದೆ. ಇನ್ಸುಲಿನ್ ಇಲ್ಲದೆ, ಹೊಟ್ಟೆ ತುಂಬ ಉಂಡ ಮೇಲೆ, ಇಪ್ಪತ್ತು ನಿಮಿಷದಲ್ಲಿ ಅಷ್ಟು ಇಳಿಯಲು ಮನುಷ್ಯನ ಮೈಯೇನು ತೂತು ಬಿದ್ದ ಕೊಡವೇ? ಒಂದೋ ಅಪ್ಪನಿಗೆ ನನಗೆ ಗೊತ್ತಿಲ್ಲದ ಬೇರೇನೋ ದೊಡ್ಡ ಕಾಯಿಲೆ ಇದೆ. ಇಲ್ಲವೇ ಅಂಕಿ ಸುಳ್ಳು. ಸುಳ್ಳಾದರೆ ಐದು ದಿನದಿಂದ ನಾವು ಶುಗರ್ ಇರುವ ಮನುಷ್ಯನಿಗೆ ಔಷಧಿ ಕಡಿಮೆ ಮಾಡಿ ಸಕ್ಕರೆ ಕುಡಿಸುತ್ತಿದ್ದೇವೆ. ಎರಡರಲ್ಲಿ ಯಾವುದು ನಿಜವಾಗಲಿ ಎಂದು ಬೇಡಿಕೊಳ್ಳುವುದು? ಮನೆಗೆ ಹೋಗುವಾಗ ನನ್ನ ಸ್ಟಾಪ್ ದಾಟಿ ಬಸ್ಸು ಎರಡು ಸ್ಟಾಪ್ ಮುಂದೆ ಹೋಗಿತ್ತು.

ಮರುದಿನ ಮಂಗಳವಾರ, ರಜೆ. ಯೋಚಿಸಿ ನೋಡಿ, ಅಷ್ಟು ದಿನ ನಾನು ನೋಡಿದ್ದು ಅಂಕಿಯನ್ನು ಮಾತ್ರ. ಶುಗರ್ ಬೀಳುವ ಹೊತ್ತಿನಲ್ಲಿ ಅಪ್ಪನನ್ನು ಒಂದು ದಿನವೂ ನೋಡಿರಲಿಲ್ಲ. ಇವತ್ತು ಎಂಟು ಯೂನಿಟ್ಟೇ ತೆಗೆದುಕೊಳ್ಳಿ, ನಾನು ಪಕ್ಕದಲ್ಲೇ ಇರುತ್ತೇನೆ ಎಂದೆ. ಊಟವಾಯಿತು. ಅಪ್ಪ ಕೈ ತೊಳೆದು, ನಡುಮನೆಯ ಕೆಂಪು ನೆಲದ ಮೇಲೆ ಚಾಪೆ ಬಿಡಿಸಿದರು.

ಅವರದ್ದು ವಾಮಕುಕ್ಷಿ. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿದರೆ ಅನ್ನ ಜೀರ್ಣವಾಗುತ್ತದೆ ಎಂದು ಅವರ ಅಪ್ಪ ಕಲಿಸಿದ್ದು, ಅವರ ಅಪ್ಪನಿಗೆ ಅವರಪ್ಪ. ನಮ್ಮ ಮನೆಯಲ್ಲಿ ಅದಕ್ಕೆ ದಿಂಬು ಕೊಡುವ ಪದ್ಧತಿಯಿಲ್ಲ. ದಿಂಬು ಕೊಟ್ಟರೆ ಅದು ನಿದ್ದೆಯಾಗುತ್ತದೆ, ಹಗಲು ನಿದ್ದೆ ದರಿದ್ರ. ಆದ್ದರಿಂದ ಎಡತೋಳನ್ನೇ ತಲೆಯಡಿಗೆ ಮಡಚಿಕೊಂಡು, ಬರೀ ಅಡ್ಡಾಗುವುದು. ರಾತ್ರಿಯಾದರೆ ಮಂಚ, ಹಾಸಿಗೆ, ದಿಂಬು ಎಲ್ಲ ಇದೆ, ಆಗ ಅಂಗಾತ ಮಲಗುತ್ತಾರೆ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಗೋಡೆಯ ಬಣ್ಣ ಗೊತ್ತಿರುವ ಹಾಗೆ ಗೊತ್ತು, ಅಷ್ಟೇ.

ನಾನು ಚಾಪೆಯ ಪಕ್ಕ ಮೊಬೈಲ್ ಹಿಡಿದು ಕೂತೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಲೋಟದೊಂದಿಗೆ ನಿಂತಳು. ಅಪ್ಪ ಎರಡೇ ನಿಮಿಷಕ್ಕೆ ಗೊರಕೆ ಹೊಡೆದರು. ನೂರ ಎಂಬತ್ತೆಂಟು. ನೂರ ಅರವತ್ತು. ನೂರ ಹನ್ನೆರಡು. ಮುಖ ನೋಡಿದೆ, ಬೆವರಿಲ್ಲ. ಹಣೆ ಮುಟ್ಟಿದೆ, ಬೆಚ್ಚಗಿತ್ತು. ಎಂಬತ್ತು. ಅರವತ್ತೇಳು, ಅಲಾರಂ. ಅಮ್ಮ ಮುಂದೆ ಬಂದಳು. ನಾನು ಕೈ ಅಡ್ಡ ಹಿಡಿದೆ.

"ಒಂದ್ ನಿಮಿಷ ತಡಿ. ಬೀರು ಮೇಲಿಂದ ಮೀಟ್ರು ತೆಗ್ದುಕೊಡು."

"ಅವ್ರಿಗೆ ಆಣೆ ಮಾಡಿದ್ಯಲ್ಲೇ."

"ಕೊಡಮ್ಮ."

ಅಮ್ಮ ಸ್ಟೂಲ್ ಹತ್ತಿ ತೆಗೆದುಕೊಟ್ಟಳು. ಐವತ್ತಾರು. ಅಪ್ಪನ ಬಲಗೈಯ ಉಂಗುರದ ಬೆರಳು ಹಿಡಿದು, ಒರೆಸಿ, ಚುಚ್ಚಿದೆ. ಅಪ್ಪ ಕಣ್ಣು ಬಿಟ್ಟರು. ನನ್ನ ಕೈಯಲ್ಲಿದ್ದ ಸೂಜಿಯನ್ನು ನೋಡಿದರು. ಸ್ಟ್ರಿಪ್ಪಿಗೆ ರಕ್ತದ ಹನಿ ಮುಟ್ಟಿಸಿದೆ. ಮೀಟರ್ ಐದು ಸೆಕೆಂಡ್ ಎಣಿಸುತ್ತದೆ. ಆ ಐದು ಸೆಕೆಂಡಿನಲ್ಲಿ ನಾನು ಮೂರು ಸಲ ಅಮ್ಮನ ಲೋಟದ ಕಡೆ ಕೈ ಚಾಚಿ ಮೂರು ಸಲ ಹಿಂತೆಗೆದುಕೊಂಡೆ.

ಇನ್ನೂರ ಮೂವತ್ತೊಂದು.

ಇನ್ನೊಂದು ಬೆರಳು ಚುಚ್ಚಿದೆ. ಇನ್ನೂರ ಇಪ್ಪತ್ತೆಂಟು. ಮೊಬೈಲ್ ಇನ್ನೂ ಐವತ್ತಾರು ಎಂದು ಕೂಗುತ್ತಲೇ ಇತ್ತು. ಅಪ್ಪ ಎದ್ದು ಕೂತು ಎಡತೋಳು ಉಜ್ಜಿಕೊಂಡರು. ಸೆನ್ಸರಿನ ಸುತ್ತ ಚಾಪೆಯ ಗೆರೆಗಳು ಕೆಂಪಗೆ ಅಚ್ಚೊತ್ತಿದ್ದವು. ಕೂತ ಸ್ವಲ್ಪ ಹೊತ್ತಿಗೆ ಮೊಬೈಲಿನಲ್ಲಿ ಎಪ್ಪತ್ತೈದು, ಆಮೇಲೆ ನೂರ ಹತ್ತು, ಆಮೇಲೆ ಇನ್ನೂರರ ಹತ್ತಿರ. ಅವತ್ತು ಯಾರೂ ಏನನ್ನೂ ಕುಡಿಸಿರಲಿಲ್ಲ. ಸುಮ್ಮನೆ ಎದ್ದು ಕೂತಿದ್ದರು, ಅಷ್ಟೇ.

ಸೆನ್ಸರ್ ನೇರವಾಗಿ ರಕ್ತವನ್ನು ನೋಡುವುದಿಲ್ಲ, ಚರ್ಮದ ಕೆಳಗಿರುವ ನೀರಿನಂಥ ಪಸೆಯನ್ನು ನೋಡುತ್ತದೆ. ಅದರ ಮೇಲೆ ಭಾರ ಬಿದ್ದು ಒತ್ತಿಹೋದರೆ ಅಲ್ಲಿಗೆ ಹೊಸ ಸಕ್ಕರೆ ಬರುವುದು ತಗ್ಗುತ್ತದೆ, ಇದ್ದಬದ್ದದ್ದನ್ನೇ ಅಳೆದು ಕಡಿಮೆ ಎಂದು ಕೂಗಿಕೊಳ್ಳುತ್ತದೆ. ಭಾರ ತೆಗೆದರೆ ಸರಿಹೋಗುತ್ತದೆ. ಇದನ್ನೂ ನಾನು ಓದಿದ್ದೆ, ಸತ್ಯವಾಗಿ. ರಾತ್ರಿ ಸೆನ್ಸರಿನ ಮೇಲೆ ಮಲಗಬೇಡಿ ಎಂದು ಅಲ್ಲಿ ಬರೆದಿತ್ತು. ಅಪ್ಪ ರಾತ್ರಿ ಅದರ ಮೇಲೆ ಮಲಗುತ್ತಿರಲಿಲ್ಲವಲ್ಲ, ನಾನು ಮುಂದಿನ ಪುಟಕ್ಕೆ ಹೋಗಿದ್ದೆ. ವಾಮಕುಕ್ಷಿ ಎಂದು ಅಲ್ಲಿ ಯಾರು ಬರೆಯುತ್ತಾರೆ?

ಅಪ್ಪ ಮೀಟರನ್ನು ಕೈಗೆ ತೆಗೆದುಕೊಂಡು ಅಂಕಿ ನೋಡಿದರು.

"ಅಂದ್ರೆ ಇಷ್ಟು ದಿನ ಸುಮ್ಸುಮ್ನೆ ಕುಡಿಸಿದ್ರಾ ನನಗೆ?"

ಅಮ್ಮ ಲೋಟವನ್ನು ಸೆರಗಿನ ಮರೆಗೆ ಸರಿಸಿದಳು. ನಾನು ಹೌದಪ್ಪ ಅಂದೆ. ಇನ್ಸುಲಿನ್ ಕಡಿಮೆ ಮಾಡಿದ್ದೂ ತಪ್ಪು, ಡಾಕ್ಟರಮ್ಮನನ್ನು ನಾನು ಕೇಳಿರಲಿಲ್ಲ ಎಂದೂ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು ಎದ್ದು ಹೋಗಿ ಕ್ಯಾಲೆಂಡರಿನ ಮುಂದೆ ನಿಂತರು. ಸುತ್ತು ಹಾಕಿದ್ದ ದಿನಕ್ಕೆ ಇನ್ನು ಒಂದು ವಾರವಷ್ಟೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಮೂವರೂ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಮೊಬೈಲಿನ ಗೆರೆಗಳನ್ನು ನೋಡಿದರು. ಪ್ರತಿ ಮಧ್ಯಾಹ್ನ ಬಾವಿಗೆ ಬಿದ್ದ ಹಾಗೆ ಒಂದೇ ಜಾಗದಲ್ಲಿ ಇಳಿದು ಮೇಲೆ ಬಂದಿತ್ತು. ಊಟ ಆದ ಮೇಲೆ ಹೇಗೆ ಮಲಗುತ್ತೀರಿ, ಇಲ್ಲೇ ತೋರಿಸಿ ಎಂದು ಅಪ್ಪನಿಗೆ ಹೇಳಿದರು. ಅಪ್ಪ ಚಪ್ಪಲಿ ಬಿಟ್ಟು, ಪರೀಕ್ಷೆಯ ಮಂಚದ ಮೇಲೆ ಸಂಕೋಚದಿಂದಲೇ ಎಡಮಗ್ಗುಲಾಗಿ ತೋಳು ಮಡಚಿ ಮಲಗಿ ತೋರಿಸಿದರು. ಡಾಕ್ಟರಮ್ಮ ನಕ್ಕುಬಿಟ್ಟರು. ನಮ್ಮ ತಂದೆಯೂ ಹೀಗೇ ಎಂದರು. ಆಮೇಲೆ ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ.

"ಸೆನ್ಸರ್ ತಪ್ಪು ತೋರಿಸಿದ್ದು ನಿನ್ನ ತಪ್ಪಲ್ಲಮ್ಮ. ಡೋಸ್ ಕಡಿಮೆ ಮಾಡಿದ್ದು ನಿನ್ನ ತಪ್ಪು. ಒಂದು ಫೋನ್ ಮಾಡೋಕೆ ಏನಾಗಿತ್ತು?"

ನನ್ನ ಹತ್ತಿರ ಇದ್ದ ಉತ್ತರ ಹೇಳುವಂಥದ್ದಲ್ಲ. ಫೋನ್ ಮಾಡಿದರೆ ನಾನು ಕಂಡುಹಿಡಿದದ್ದು ಅವರದ್ದಾಗುತ್ತಿತ್ತು, ಅದಕ್ಕೇ ಮಾಡಲಿಲ್ಲ.

ಅವರು ಹೇಳಿದ್ದು ಇಷ್ಟು. ಮುಂದಿನ ಸೆನ್ಸರ್ ಬಲತೋಳಿಗೆ ಹಾಕಿ. ಕಡಿಮೆ ಎಂದು ತೋರಿಸಿ ಮೈಗೆ ಏನೂ ಅನಿಸದಿದ್ದರೆ, ಮಗ್ಗುಲು ಬದಲಿಸಿ, ತಕ್ಷಣ ಬೆರಳು ಚುಚ್ಚಿ ಖಚಿತ ಮಾಡಿಕೊಳ್ಳಿ. ಬೆವರು, ನಡುಕ, ಮಂಕು ಏನಾದರೂ ಇದ್ದರೆ, ಅಥವಾ ಮೀಟರ್ ಹತ್ತಿರ ಇಲ್ಲದಿದ್ದರೆ, ಸುಳ್ಳೋ ನಿಜವೋ ಎಂದು ಕಾಯಬೇಡಿ, ಮೊದಲು ಸಕ್ಕರೆ ತಿನ್ನಿ. ಡೋಸನ್ನು ಯಾರೂ ಮುಟ್ಟಬೇಡಿ. ಈ ದಿನಗಳ ಲೆಕ್ಕ ಕೆಟ್ಟಿರುವುದರಿಂದ ಸೂಜಿ ಬಿಡಿಸುವ ಮಾತು ಇನ್ನೊಂದು ತಿಂಗಳಾದ ಮೇಲೆ.

ಆಟೋದಲ್ಲಿ ಮನೆಗೆ ಹೊರಟೆವು. ಸೌತ್ ಎಂಡ್ ಸರ್ಕಲ್ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಅಪ್ಪ ಹೇಳಿದರು.

"ಓದ್ಬೇಡ ಅನ್ನಲ್ಲ ಪುಟ್ಟಿ. ಓದು. ಆದ್ರೆ ನೀನು ಗೊತ್ತು ಅಂದ್ರೆ ನಾನು ಗೊತ್ತು ಅಂತಾನೇ ತಿಳ್ಕೊಳ್ಳೋದು. ಗೊತ್ತಿಲ್ಲ ಅನ್ನೋದನ್ನೂ ಸ್ವಲ್ಪ ಹೇಳು."

ಬೈದಿದ್ದರೆ ಚೆನ್ನಾಗಿತ್ತು.

ಆ ಸೆನ್ಸರಿನ ಅವಧಿ ಮುಗಿದ ಮೇಲೆ ಹೊಸದನ್ನು ಬಲತೋಳಿಗೆ ಹಾಕಿದೆವು. ಮಧ್ಯಾಹ್ನದ ಬಾವಿ ಕಾಣೆಯಾಯಿತು. ಅಪ್ಪ ಮತ್ತೆ ನೆಮ್ಮದಿಯಾಗಿ ಅಡ್ಡಾದರು, ಸಂಜೆ ಅಂಗಡಿ ತೆಗೆದರು. ಏನ್ ಸಾರ್, ತೋಳಿಗೂ ಗುಂಡಿ ಹೊಲಿಸ್ಕೊಂಡಿದ್ದೀರಾ ಎಂದು ಒಬ್ಬರು ಆಂಟಿ ಕೇಳಿದ್ದಕ್ಕೆ, ಮ್ಯಾಚಿಂಗ್ ಸಿಗಲಿಲ್ಲಮ್ಮ, ಇದ್ದದ್ದನ್ನೇ ಹಾಕಿಸಿಕೊಂಡೆ ಎಂದರಂತೆ. ಮೀಟರನ್ನೂ ಒಂದು ಪೊಟ್ಟಣ ಗ್ಲೂಕೋಸ್ ಪುಡಿಯನ್ನೂ ಅವರೇ ಅಂಗಡಿಯ ಡ್ರಾಯರಿನಲ್ಲಿ ಇಟ್ಟುಕೊಂಡರು. ಬಟ್ಟೆ ಮುಟ್ಟದ ಕಿರುಬೆರಳಿನ ಬದಿಯಲ್ಲಿ ಚುಚ್ಚಿಕೊಳ್ಳಲು ಕಲಿತರು. ಎಂಟು ಯೂನಿಟ್ ಸರಿಯಾಗಿ ಬಿದ್ದು ಶುಗರ್ ದಿನದಿನಕ್ಕೆ ಇಳಿಯುತ್ತಾ ಬಂತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ. ಮ್ಯಾಚಿಂಗ್ ಸೆಂಟರಿನವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಮಧ್ಯಾಹ್ನ ಎರಡೂ ಹತ್ತಕ್ಕೆ ನನ್ನ ಮೊಬೈಲ್ ಕೂಗಿತು. ಅರವತ್ತೊಂದು, ಕೆಳಮುಖದ ಬಾಣ. ನಾನು ನೋಡಿದೆ. ನೋಡಿ, ಓ ಇದು ಮತ್ತೆ ಶುರುವಾಯಿತು ಅಂದುಕೊಂಡು ಜೇಬಿಗೆ ಹಾಕಿದೆ. ಯಾವುದೋ ಬಟ್ಟೆಯ ಥಾನಿಗೆ ಬಲತೋಳು ಒರಗಿಸಿರುತ್ತಾರೆ ಎಂದು ನಾನೇ ಕಾರಣವನ್ನೂ ಹುಡುಕಿಕೊಟ್ಟೆ. ಫ್ರೇಮು ತೋರಿಸುತ್ತಿದ್ದೆ, ಇನ್ನೆರಡು ಫ್ರೇಮು ತೋರಿಸಿದೆ. ನಾಲ್ಕು ನಿಮಿಷ ಕಳೆದಿರಬೇಕು. ಆಮೇಲೆ ಮನಸ್ಸು ತಡೆಯದೆ ಅಪ್ಪನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಅಮ್ಮನಿಗೆ ಮಾಡಿ, ಅಂಗಡಿಗೆ ಓಡು ಎಂದೆ.

ನಡೆದದ್ದು ಇದು. ಶಟರ್ ಇಳಿಸುವ ಮುಂಚೆ ಅಂಗಡಿಯಲ್ಲೇ ಇನ್ಸುಲಿನ್ ತೆಗೆದುಕೊಂಡು, ಐದು ನಿಮಿಷಕ್ಕೆ ಮನೆಗೆ ನಡೆದುಹೋಗಿ ಊಟಕ್ಕೆ ಕೂರುವುದು ಅವರ ಅಭ್ಯಾಸವಾಗಿತ್ತು. ಅವತ್ತು ಸೂಜಿ ಹಾಕಿಕೊಂಡ ಮೇಲೆ ಇಬ್ಬರು ಹೆಂಗಸರು ಒಂಬತ್ತು ಸೀರೆ ಹಿಡಿದುಕೊಂಡು ಬಂದರು. ಬಾಗಿಲಿಗೆ ಬಂದವರನ್ನು ಕಳಿಸುವುದು ಹೇಗೆಂದು ನಿಂತರು. ಮುಕ್ಕಾಲು ಗಂಟೆ ಕಳೆಯಿತು. ಆರನೆಯ ಸೀರೆಗೆ ನವಿಲಿನ ಕೊರಳ ಬಣ್ಣ ಬೇಕಿತ್ತು, ಇವರು ಕಡು ಹಸಿರು ತೆಗೆದುಕೊಟ್ಟರು. ಇದಲ್ಲ ಸಾರ್ ಎಂದರು ಅವರು. ಅಪ್ಪ ಎರ‍ಡನ್ನೂ ಅಕ್ಕಪಕ್ಕ ಹಿಡಿದು ನೋಡಿದರಂತೆ, ವ್ಯತ್ಯಾಸವೇ ಕಾಣಲಿಲ್ಲವಂತೆ. ಕುತ್ತಿಗೆಯ ಹಿಂದೆ ಷರಟು ಒದ್ದೆಯಾಗಿತ್ತು. ಮೊಬೈಲ್ ಯಾವುದೋ ಬಟ್ಟೆಯ ರಾಶಿಯ ಅಡಿಯಲ್ಲಿ ಕೂಗುತ್ತಿತ್ತು, ಅದನ್ನು ಹುಡುಕಲು ಹೋಗಲಿಲ್ಲ. ಡ್ರಾಯರಿನಲ್ಲಿದ್ದ ಗ್ಲೂಕೋಸ್ ಪುಡಿಯನ್ನು ಬಾಯಿಗೆ ಸುರಿದುಕೊಂಡು, ಸ್ಟೂಲಿನ ಮೇಲೆ ಕೂತು, ಆಮೇಲೆ ಬೆರಳು ಚುಚ್ಚಿ ನೋಡಿದರು. ಐವತ್ತೇಳು. ಈ ಸಲ ನಿಜ.

ಅಮ್ಮ ತಲುಪುವ ಹೊತ್ತಿಗೆ ಆ ಇಬ್ಬರೂ ಅಪ್ಪನಿಗೆ ಬೀಸಣಿಗೆಯಂತೆ ಬ್ಲೌಸ್ ಪೀಸಿನ ರಟ್ಟು ಬೀಸುತ್ತಾ ನಿಂತಿದ್ದರು. ನಾನು ತಲುಪುವಾಗ ಅಪ್ಪ ಮನೆಯಲ್ಲಿ ಊಟ ಮಾಡುತ್ತಿದ್ದರು.

"ನಿನಗೂ ಬಂದಿರ್ಬೇಕಲ್ಲ ಅಲಾರಮ್ಮು?" ಎಂದು ಸಹಜವಾಗಿ ಕೇಳಿದರು.

ಬಂದಿತ್ತು ಅಂದೆ. ಸುಳ್ಳಿರಬೇಕು ಅಂದುಕೊಂಡೆ ಅಂದೆ. ಅಪ್ಪ ತುತ್ತು ನುಂಗಿ, ತಲೆಯಾಡಿಸಿ, ಇನ್ನು ಮೇಲೆ ಸೂಜಿ ಪೆಟ್ಟಿಗೆಯನ್ನು ಮನೆಯಲ್ಲೇ ಇಡುತ್ತೇನೆ, ತಟ್ಟೆ ಮುಂದೆ ಬಂದ ಮೇಲೇ ಹಾಕಿಕೊಳ್ಳುವುದು ಎಂದರು. ಸಂಜೆ ಡಾಕ್ಟರಮ್ಮನಿಗೆ ಫೋನ್ ಮಾಡಿದವಳು ನಾನೇ. ಈ ಸಲ ಎಲ್ಲ ಹೇಳಿದೆ. ಮಧ್ಯಾಹ್ನದ ಡೋಸನ್ನು ಅವರೇ ಕಡಿಮೆ ಮಾಡಿದರು.

ಆದರೆ ಆ ನಾಲ್ಕು ನಿಮಿಷ ನನ್ನನ್ನು ಬಿಟ್ಟಿಲ್ಲ. ಮೊದಲು ಸುಳ್ಳನ್ನು ನಂಬಿದೆ, ಆಮೇಲೆ ನಿಜವನ್ನು ನಂಬಲಿಲ್ಲ. ಈಗ ಅಲಾರಂ ಕೂಗಿದರೆ ಯೋಚಿಸುವುದಿಲ್ಲ, ಅಪ್ಪನಿಗೆ ಫೋನ್ ಮಾಡಿ ಧ್ವನಿ ಕೇಳುತ್ತೇನೆ, ಬೆರಳು ಚುಚ್ಚಿ ನೋಡಿ ಎನ್ನುತ್ತೇನೆ. ಆದರೂ ಪ್ರತಿ ಸಲ, ಅವರು ಎತ್ತುವವರೆಗಿನ ಆ ರಿಂಗುಗಳಲ್ಲಿ, ಇದು ಯಾವುದು, ಸುಳ್ಳಾ ನಿಜವಾ ಎಂದು ಕೇಳಿಕೊಳ್ಳುತ್ತಲೇ ಇರುತ್ತೇನೆ.

ನಿಮಗೂ ಹೀಗಾಗಿದೆಯಾ? ನಿಮ್ಮ ಮನೆಯವರ ಸೆನ್ಸರ್ ಯಾವ ಹೊತ್ತಿನಲ್ಲಿ, ಹೇಗೆ ಕೂತಾಗ, ಯಾವ ಮಗ್ಗುಲಲ್ಲಿ ಮಲಗಿದಾಗ ನಿಮ್ಮನ್ನು ಹೆದರಿಸಿತು? ಅದು ಸುಳ್ಳೆಂದು ಹೇಗೆ ಗೊತ್ತಾಯಿತು? ನಿಜವಾದದ್ದು ಬಂದ ದಿನ ನೀವೇನು ಮಾಡಿದಿರಿ? ಕೆಳಗೆ ಬರೆಯಿರಿ, ಎರಡೇ ಸಾಲಾದರೂ ಸರಿ. ತಪ್ಪು ಮಾಡಿದ್ದರೆ ಅದನ್ನೂ ಬರೆಯಿರಿ. ನಾನು ಒಂದೊಂದನ್ನೂ ಓದುತ್ತೇನೆ, ಈ ಸಲ ಯಾವ ಸಾಲನ್ನೂ ದಾಟದೆ.